ಗಾಜಿನ ಮೇಲಿನ ಉಸಿರು

ಬಯಲುಸೀಮೆಯ ಪಟ್ಟಣಗಳಲ್ಲಿ ಓಡಾಡುವ ಹಳೆಯ ಕಾರುಗಳ ಒಳಗೆ ಒಂದು ವಿಶೇಷವನ್ನು ಗಮನಿಸಬಹುದು. ಚಾಲಕನ ಎಡಗೈಗೆ ಎಟುಕುವಂತೆ ಒಂದು ತಿರುಪು ಇರುತ್ತದೆ. ಅದರ ಸುತ್ತ ಅರ್ಧ ನೀಲಿ, ಅರ್ಧ ಕೆಂಪು. ಆ ತಿರುಪು ವರ್ಷಗಟ್ಟಲೆ ನೀಲಿಯ ತುದಿಯಲ್ಲಿಯೇ ಬಿಡಾರ ಹೂಡಿರುತ್ತದೆ. ಯಾರಾದರೂ ಕುತೂಹಲಕ್ಕೆ ಕೆಂಪಿನ ಕಡೆಗೆ ತಿರುಗಿಸಹೋದರೆ ಕಿರುಗುಟ್ಟಿ ಪ್ರತಿಭಟಿಸುತ್ತದೆ. ಅದರ ತಪ್ಪೇನೂ ಇಲ್ಲ. ಬಳ್ಳಾರಿಯ ಬಿಸಿಲಿನಲ್ಲಿ, ದಾವಣಗೆರೆಯ ಧೂಳಿನಲ್ಲಿ ಓಡುವ ವಾಹನಕ್ಕೆ ಬಿಸಿ ಗಾಳಿಯ ಯಂತ್ರವೆಂದರೆ ಉರಿಯುವ ಒಲೆಯ ಮುಂದೆ ಕುಳಿತವನಿಗೆ ಕಂಬಳಿ ಹೊದಿಸಿದಂತೆ. ಹಳೆಯ ಕಾರು ಕೊಳ್ಳುವ ಗೃಹಸ್ಥರು ಟೈರು ಒದ್ದು ನೋಡುತ್ತಾರೆ, ಬಾಗಿಲು ಬಡಿದು ನೋಡುತ್ತಾರೆ, ಹಾರ್ನು ಬಾರಿಸಿ ನೋಡುತ್ತಾರೆ. ಹೀಟರ್ ಹೇಗಿದೆ ಎಂದು ಕೇಳಿದವರನ್ನು ದಲ್ಲಾಳಿ ಸ್ವಲ್ಪ ಅನುಮಾನದಿಂದಲೇ ನೋಡಿಯಾನು.

ಆದರೆ ಹೀಟರ್ ಎಂಬ ಹೆಸರೇ ಆ ಯಂತ್ರಕ್ಕೆ ಆಗಿರುವ ಒಂದು ಅನ್ಯಾಯ. ಕಾಲು ಬೆಚ್ಚಗಿಡುವುದು ಅದರ ಉಪಕಾರ ಮಾತ್ರ; ಅದರ ನಿಜವಾದ ಕರ್ತವ್ಯ ಕಣ್ಣು ತೆರೆದಿಡುವುದು. ಈ ಮಾತು ಮೈಸೂರಿನಲ್ಲಿ ಕುಳಿತವರಿಗೆ ತಿಳಿಯದಿದ್ದರೂ, ಆಷಾಢ ಶ್ರಾವಣಗಳಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದವರಿಗೆ ಚೆನ್ನಾಗಿ ತಿಳಿದಿದೆ. ಹೊರಗೆ ಮಳೆ, ಮಂಜು. ಒಳಗೆ ನಾಲ್ಕೈದು ಜನ, ಎರಡು ಒದ್ದೆ ಕೊಡೆ, ಒಂದು ಒದ್ದೆ ಟವಲು. ಕಿಟಕಿಗಳೆಲ್ಲ ಭದ್ರ. ಐದು ನಿಮಿಷದೊಳಗೆ ಮುಂದಿನ ಗಾಜು ಹಾಲು ಬಳಿದಂತಾಗುತ್ತದೆ. ಚಾಲಕನು ವೈಪರನ್ನು ಇನ್ನೂ ಜೋರು ಮಾಡುತ್ತಾನೆ. ವೈಪರ್ ಹೊರಗೆ, ಮಂಜು ಒಳಗೆ. ಬಾಗಿಲ ಹೊರಗೆ ಗುಡಿಸಿ ಮನೆಯ ಕಸ ಹೋಗಲಿಲ್ಲವೆಂದು ಗೊಣಗುವಂತಹ ಕಥೆ. ಪಕ್ಕದಲ್ಲಿ ಕುಳಿತ ಯಜಮಾನತಿ ಸೆರಗಿನಿಂದ ಗಾಜನ್ನು ಒರೆಸುತ್ತಾಳೆ. ಒರೆಸಿದ ಕಡೆ ಎಣಿಸಿ ಹತ್ತು ಉಸಿರಿನಷ್ಟು ಹೊತ್ತು ರಸ್ತೆ ಕಾಣುತ್ತದೆ. ಆಮೇಲೆ ಪುನಃ ಹಾಲು.

ಇದರಲ್ಲಿ ಮಾಯೆಯೇನೂ ಇಲ್ಲ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಕಂಡಿದ್ದಾಳೆ. ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ನೀರಾವಿಯನ್ನು ಹೊರಬಲ್ಲುದು. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹೊತ್ತುಕೊಂಡು ನಿಶ್ಚಿಂತೆಯಿಂದಿರುತ್ತದೆ. ಅದೇ ಗಾಳಿ 0 ಡಿಗ್ರಿಗೆ ಇಳಿದರೆ 5 ಗ್ರಾಂ ಕೂಡ ಅದಕ್ಕೆ ಭಾರ. ಮಿಕ್ಕದ್ದನ್ನು ಎಲ್ಲಿಯಾದರೂ ಇಳಿಸಲೇಬೇಕು. ಕಾರಿನೊಳಗಿನ ಬೆಚ್ಚನೆಯ ಗಾಳಿ ತಣ್ಣನೆಯ ಗಾಜನ್ನು ಮುಟ್ಟಿದಾಗ ಹೊರೆಯನ್ನು ಅಲ್ಲಿಯೇ ಇಳಿಸುತ್ತದೆ. ಆ ಹೊರೆಯ ಬಹುಭಾಗ ಒಳಗೆ ಕುಳಿತವರ ಉಸಿರೇ. ಗಾಜನ್ನು ಕುರುಡು ಮಾಡಿದ್ದು ಮಳೆಯಲ್ಲ, ನಮ್ಮ ಮಾತುಕತೆ ಎಂದು ಹೇಳಿದರೂ ತಪ್ಪಾಗಲಾರದು.

ಹೊರಗಿನ ಮಳೆಗೆ ಉಪಾಯ ಬಹಳ ಹಿಂದೆಯೇ ದೊರೆಯಿತು. ಅಮೆರಿಕದ ಅಲಬಾಮಾ ಸಂಸ್ಥಾನದ ಮೇರಿ ಆಂಡರ್ಸನ್ ಎಂಬ ಮಹಿಳೆ 1903ರಲ್ಲಿಯೇ ಗಾಜು ಒರೆಸುವ ಸಾಧನಕ್ಕೆ ಪೇಟೆಂಟ್ ಪಡೆದರು. ಒಳಗಿನ ಉಸಿರಿಗೆ ಉಪಾಯ ಅಷ್ಟು ಸುಲಭವಾಗಿರಲಿಲ್ಲ. ಕಾರು ಮಾರಬೇಕಾದರೆ ಮುಂದಿನ ಗಾಜಿನ ಮಂಜನ್ನು ಕರಗಿಸುವ ವ್ಯವಸ್ಥೆ ಅದರಲ್ಲಿರಲೇಬೇಕೆಂದು ಅಮೆರಿಕದಲ್ಲಿ ಕಡ್ಡಾಯವಾದದ್ದು 1968ರ ಜನವರಿ 1ರಿಂದ. ನಮ್ಮ ಕಡೆ ಓಡುತ್ತಿದ್ದ ಅಂಬಾಸಿಡರುಗಳಲ್ಲಿ ಇಂತಹ ಸಾಧನ ಕಾಣುವುದು ಅಪರೂಪವಾಗಿತ್ತು. ಮುಂಬಾಗಿಲಿನ ತ್ರಿಕೋನದ ಪುಟ್ಟ ಗಾಜನ್ನು ತಿರುಗಿಸಿ ಹೊರಗಾಳಿಯನ್ನು ಒಳಕ್ಕೆ ಬಿಡುವುದು, ಮಳೆನೀರು ಗಾಜಿನ ಮೇಲೆ ಹನಿಗಟ್ಟದಂತೆ ಬೀಡಿಯ ಹೊಗೆಸೊಪ್ಪನ್ನು ತಿಕ್ಕುವುದು, ಇವೇ ಘಟ್ಟದ ಚಾಲಕರ ಶಾಸ್ತ್ರ. ತ್ರಿಕೋನದ ಗಾಜು ತೆರೆದರೆ ತೊಡೆಯ ಮೇಲೆ ಮಳೆ ಬೀಳುವುದುಂಟು. ದಾರಿ ಕಾಣಬೇಕಾದರೆ ತೊಡೆ ನೆನೆಯಲೇಬೇಕೆಂದು ಅವರು ಒಪ್ಪಿಕೊಂಡಿದ್ದರು.

ಹೀಗೆ ತೊಡೆ ನೆನೆಸಿಕೊಂಡವರಲ್ಲಿ ಒಬ್ಬರು ಚಿಕ್ಕಮಗಳೂರಿನಲ್ಲಿ ನೀರು ಸರಬರಾಜಿನ ಓವರ್ಸಿಯರ್ ಆಗಿದ್ದವರು. ತೋಟದ ಸಾಹುಕಾರರೊಬ್ಬರಿಂದ ಕೊಂಡ ಅಂಬಾಸಿಡರಿನಲ್ಲಿ ವರ್ಷಕ್ಕೊಮ್ಮೆ ಸಂಸಾರವನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿಬರುತ್ತಿದ್ದರು. ಈಗ ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ. ಅವರ ಮಗ ಇರುವುದು ಅಮೆರಿಕದ ಮಿನಿಯಾಪೋಲಿಸ್‌ನಲ್ಲಿ. ಆ ಊರಿನ ಚಳಿಯ ವಿಷಯ ಹೇಳಬೇಕಾದರೆ 2019ರ ಜನವರಿ 30ರಂದು ಅಲ್ಲಿ ಉಷ್ಣಾಂಶ ಸೊನ್ನೆಗಿಂತ 33 ಡಿಗ್ರಿ ಕೆಳಗೆ ಇಳಿದಿತ್ತು ಎಂದರೆ ಸಾಕು. ಅಲ್ಲಿ ಉಸಿರು ಗಾಜಿನ ಮೇಲೆ ಹನಿಯಾಗಿ ನಿಲ್ಲುವುದಿಲ್ಲ. ಒಳಮೈಯಲ್ಲೇ ಹರಳುಗಟ್ಟಿ ಹಿಮವಾಗುತ್ತದೆ. ಸೆರಗಿನಿಂದ ಒರೆಸಿದರೆ ಸೆರಗು ಹರಿದೀತೇ ಹೊರತು ಅದು ಹೋಗದು.

ಮಗನಿಗೆ ಅಲ್ಲಿ ಹೊಸ ಸಂಸಾರ, ಹೊಸ ಸಾಲ. 1996ರಲ್ಲಿ ತಯಾರಾದ ಒಂದು ಅಮೆರಿಕನ್ ಕಾರನ್ನು ಬೇಸಿಗೆಯಲ್ಲಿ ಅಗ್ಗಕ್ಕೆ ಕೊಂಡಿದ್ದ. ಬೇಸಿಗೆಯಲ್ಲಿ ಕೊಂಡವನು ಹೀಟರನ್ನು ಪರೀಕ್ಷಿಸಲಿಲ್ಲವೆಂದರೆ ಅದು ಮೈಸೂರಿನ ರಕ್ತ. ನವೆಂಬರು ಕಳೆಯುವುದರೊಳಗೆ ಗಾಜಿನ ಕಡೆಗೆ ಗಾಳಿ ಬರುವುದು ಕಡಮೆಯಾಯಿತು, ಡಿಸೆಂಬರಿನಲ್ಲಿ ನಿಂತೇಹೋದಂತಾಯಿತು. ಪ್ರತಿ ಬೆಳಗ್ಗೆ ಆತ ಪ್ಲಾಸ್ಟಿಕ್ ಅಲಗಿನಿಂದ ಒಳಗಿನ ಹಿಮವನ್ನು ಕೆರೆದು, ಒಂದು ದೋಸೆಯಗಲ ಜಾಗ ಮಾಡಿಕೊಂಡು, ಅದರಲ್ಲಿ ಇಣುಕುತ್ತ ಕೆಲಸಕ್ಕೆ ಹೋಗುತ್ತಿದ್ದ. ಒಂದು ದಿನ ಆ ದೋಸೆಯ ಅಂಚಿನಾಚೆ ಶಾಲೆಯ ಬಸ್ಸೊಂದು ದೀಪ ಮಿಟುಕಿಸುತ್ತ ನಿಂತಿತ್ತು. ಮಕ್ಕಳು ಇಳಿಯುತ್ತಿದ್ದರು. ಅವನು ಬ್ರೇಕು ಒತ್ತಿದಾಗ ಕಾರು ಮಂಜುಗಡ್ಡೆಯ ಮೇಲೆ ಜಾರಿ ರಸ್ತೆಯ ಬದಿಯ ಹಿಮದ ದಿಣ್ಣೆಗೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಈ ಸುದ್ದಿ ಮೈಸೂರಿಗೆ ಬಂದದ್ದು ಮಗನಿಂದಲ್ಲ, ಸೊಸೆಯಿಂದ. ಮಗ ಹೇಳಿದ್ದು ಬೇರೆಯೇ: ಮೆಕ್ಯಾನಿಕ್ ನೋಡಿದ್ದಾನೆ, ಒಳಗಿನ ಚಿಕ್ಕ ರೇಡಿಯೇಟರ್ ಹಾಳಾಗಿದೆಯಂತೆ, ಅದನ್ನು ಬದಲಾಯಿಸಬೇಕಾದರೆ ಇಡೀ ಡ್ಯಾಶ್‌ಬೋರ್ಡನ್ನು ಬಿಚ್ಚಬೇಕಂತೆ, ಕಾರಿಗೆ ಕೊಟ್ಟ ಬೆಲೆಗಿಂತ ರಿಪೇರಿಯೇ ಹೆಚ್ಚಾಗುತ್ತದಂತೆ, ಈ ಚಳಿಗಾಲ ಹೇಗೋ ಕಳೆದರಾಯಿತು ಎಂದು. ಸೊಸೆ ಬಸ್ಸಿನ ವಿಷಯ ಹೇಳಿದ ಮೇಲೆ ಮುದುಕರು ಎರಡು ದಿನ ಮಾತಾಡಲಿಲ್ಲ. ಭಾನುವಾರ ರಾತ್ರಿ ಊಟವಾದ ಮೇಲೆ ತಾವೇ ಫೋನು ಮಾಡಿದರು. ಅಲ್ಲಿ ಆಗ ಬೆಳಗಿನ ಒಂಬತ್ತು ಗಂಟೆ. ಫೋನಿನಲ್ಲಿ ಮುಖ ಕಾಣುವ ಕಾಲವಾದ್ದರಿಂದ, ಮಗ ಉಣ್ಣೆಯ ಟೋಪಿ ಹಾಕಿಕೊಂಡು ಕಾರಿನೊಳಗೆ ಕುಳಿತಿರುವುದೂ ಅವನ ಬಾಯಿಂದ ಹಬೆ ಬರುತ್ತಿರುವುದೂ ಕಾಣುತ್ತಿತ್ತು.

“ಗಾಳಿ ಬರ್ತಾ ಇದ್ದು ಬಿಸಿ ಇಲ್ಲವೋ, ಬಿಸಿ ಇದ್ದು ಗಾಳಿ ಇಲ್ಲವೋ?” ಎಂದು ಕೇಳಿದರು.

“ಎರಡೂ ಸರಿಯಾಗಿಲ್ಲ ಅಪ್ಪ.”

“ಹಾಗನ್ನಬೇಡ. ಊಟ ಸರಿ ಇಲ್ಲ ಅಂದರೆ ಅಡಿಗೆಯವನು ಏನು ಮಾಡಬೇಕು? ಉಪ್ಪಿಲ್ಲವೋ, ಬೆಂದಿಲ್ಲವೋ ಹೇಳಬೇಕು. ಎಂಜಿನ್ ಕಾದಿದೆಯಲ್ಲ, ಕೈಗವಸು ತೆಗೆದು ಕೈ ಇಟ್ಟು ನೋಡು.”

ಈ ಒಂದು ಪ್ರಶ್ನೆಯಲ್ಲಿ ಅರ್ಧ ವೈದ್ಯ ಮುಗಿದಿತ್ತು. ಕಾರಿನ ಹೀಟರ್ ಎಂದರೆ ಎರಡು ನದಿಗಳ ಸಂಗಮ. ಒಂದು ನೀರಿನದು: ಎಂಜಿನ್ನನ್ನು ತಣಿಸಿ ಕಾದ ನೀರು ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಚಿಕ್ಕ ರೇಡಿಯೇಟರಿಗೆ ಬಂದು ಹಿಂದಿರುಗುತ್ತದೆ. ಇನ್ನೊಂದು ಗಾಳಿಯದು: ಮುಂದಿನ ಗಾಜಿನ ಬುಡದಲ್ಲಿರುವ ಜಾಲರಿಯಿಂದ ಹೊರಗಾಳಿ ಒಳನುಗ್ಗಿ, ಫ್ಯಾನಿನಿಂದ ನೂಕಿಸಿಕೊಂಡು, ಆ ರೇಡಿಯೇಟರನ್ನು ಹಾದು ಬಿಸಿಯಾಗಿ, ಪುಟ್ಟ ಪುಟ್ಟ ಕದಗಳು ತೋರಿದ ದಾರಿಯಲ್ಲಿ ಗಾಜಿಗೋ ಮುಖಕ್ಕೋ ಕಾಲಿಗೋ ಹೋಗುತ್ತದೆ. ಚಳಿಗಾಲದ ಹೊರಗಾಳಿಯಲ್ಲಿ ನೀರಾವಿ ಬಹಳ ಸ್ವಲ್ಪ. ಅದನ್ನೇ ಕಾಯಿಸಿದರೆ ಅದು ಬಾಯಾರಿದ ಗಾಳಿಯಾಗುತ್ತದೆ; ಗಾಜಿನ ಮೇಲೆ ಹರಿಯುತ್ತ ಅಲ್ಲಿರುವ ತೇವವನ್ನೆಲ್ಲ ಹೀರಿಕೊಂಡು ಹೋಗುತ್ತದೆ. ನೀರು ಕೆಟ್ಟರೆ ಗಾಳಿ ತಣ್ಣಗೆ ಬರುತ್ತದೆ. ಗಾಳಿ ಕೆಟ್ಟರೆ ಇದ್ದ ಬಿಸಿ ಇದ್ದಲ್ಲಿಯೇ ಉಳಿಯುತ್ತದೆ. ಈ ಎರಡನ್ನು ಬೇರ್ಪಡಿಸದೆ ಕೈಹಾಕುವ ಮೆಕ್ಯಾನಿಕ್ಕರು ಮಿನಿಯಾಪೋಲಿಸ್‌ನಲ್ಲಿಯೂ ಇದ್ದಾರೆ, ಮೈಸೂರಿನಲ್ಲಿಯೂ ಇದ್ದಾರೆ.

ಮಗ ಕೈಯಿಟ್ಟು ನೋಡಿದ. ಮಗುವಿನ ಉಸಿರಿನಷ್ಟು ಗಾಳಿ. ಆದರೆ ಬಿಸಿಯಾಗಿಯೇ ಇತ್ತು. ಬಾನೆಟ್ ಎತ್ತಿ ಎರಡು ಪೈಪುಗಳನ್ನೂ ಮುಟ್ಟಿ ನೋಡೆಂದರು. ಎರಡೂ ಕಾದಿದ್ದವು. ಒಂದು ಕಾದು ಇನ್ನೊಂದು ತಣ್ಣಗಿದ್ದರೆ ರೇಡಿಯೇಟರಿನಲ್ಲಿ ನೀರು ಹರಿಯುತ್ತಿಲ್ಲವೆಂದು ಅರ್ಥ. ಸಿಹಿ ವಾಸನೆ ಏನಾದರೂ ಬರುತ್ತಿದೆಯೇ, ಗಾಜಿನ ಮೇಲೆ ಜಿಡ್ಡಿದೆಯೇ ಎಂದೂ ಕೇಳಿದರು. ಎಂಜಿನ್ ನೀರಿಗೆ ಬೆರೆಸುವ ದ್ರವ ರೇಡಿಯೇಟರಿನಿಂದ ಸೋರಿದರೆ ಈ ಎರಡು ಚಿಹ್ನೆಗಳು ಕಾಣುತ್ತವೆ. ಅದು ವಿಷವಾದ್ದರಿಂದ ಉದಾಸೀನ ಮಾಡುವಂತಿಲ್ಲ. ಯಾವುದೂ ಇರಲಿಲ್ಲ. ಈ ಪ್ರಶ್ನೆಗಳನ್ನೆಲ್ಲ ಮುದುಕರು ಎಲ್ಲಿ ಕಲಿತರೆಂದು ಮಗನಿಗೆ ಆಶ್ಚರ್ಯ. ಆ ಎರಡು ದಿನದ ಮೌನ ಸುಮ್ಮನಿರಲಿಲ್ಲವೆಂದೂ, ಪಕ್ಕದ ಬೀದಿಯ ಗ್ಯಾರೇಜಿನ ಹುಡುಗನ ಬೆಂಚಿನ ಮೇಲೆ ಕುಳಿತು ಪಾಠ ಹೇಳಿಸಿಕೊಂಡಿದ್ದರೆಂದೂ ಆತನಿಗೆ ತಾಯಿ ಆಮೇಲೆ ಹೇಳಿದಳು.

ಮುಂದೆ ಫ್ಯಾನಿನ ಸರದಿ. ತಿರುಪನ್ನು ಒಂದು, ಎರಡು, ಮೂರು, ನಾಲ್ಕು ಎಂದು ತಿರುಗಿಸಿದಂತೆ ಸದ್ದು ಮೆಟ್ಟಿಲು ಮೆಟ್ಟಿಲಾಗಿ ಏರಿತು. ಹಳೆಯ ಕಾರುಗಳಲ್ಲಿ ನಾಲ್ಕನೆಯ ವೇಗ ಮಾತ್ರ ಇದ್ದು ಮಿಕ್ಕವು ಸತ್ತಿರುವುದುಂಟು. ಕೆಳಗಿನ ವೇಗಗಳಿಗೆ ವಿದ್ಯುತ್ತು ಒಂದು ತಡೆತಂತಿಯ ಮೂಲಕ ಬರುತ್ತದೆ, ನಾಲ್ಕನೆಯದು ಅದನ್ನು ಬಳಸಿಕೊಂಡು ನೇರವಾಗಿ ಬರುತ್ತದೆ. ತಂತಿ ಸುಟ್ಟರೆ ಕೊನೆಯದೊಂದೇ ಉಳಿಯುತ್ತದೆ. ಸ್ವಾರಸ್ಯವೇನೆಂದರೆ ಆ ತಂತಿಯನ್ನು ತಣ್ಣಗಿಡುವುದೂ ಅದೇ ಫ್ಯಾನಿನ ಗಾಳಿಯೇ. ಇಲ್ಲಿ ಅದೂ ಅಲ್ಲ. ಫ್ಯಾನು ಕೂಗುತ್ತಿದೆ, ಗಾಳಿ ಬರುತ್ತಿಲ್ಲ.

ಓವರ್ಸಿಯರರಿಗೆ ಈಗ ತಮ್ಮ ಊರಿಗೆ ಬಂದಂತಾಯಿತು. ನಲವತ್ತು ವರ್ಷ ಅವರು ಕೇಳಿದ್ದ ದೂರು ಇದೇ: ಪಂಪು ಓಡುತ್ತಿದೆ, ನಲ್ಲಿಯಲ್ಲಿ ನೀರಿಲ್ಲ. ಪಂಪಿನಿಂದ ನಲ್ಲಿಯವರೆಗೆ ರಸ್ತೆ ಅಗೆಯುವ ಮೊದಲು, ಪಂಪಿಗೆ ನೀರು ಬರುತ್ತಿದೆಯೇ ಎಂದು ಕೆರೆಯ ಬಾಯಿಯನ್ನು ನೋಡಬೇಕೆಂಬುದು ಅವರ ಇಲಾಖೆಯಲ್ಲಿ ಯಾರೂ ಬರೆದಿಡದ ನಿಯಮ.

“ಒಳಗಿನ ಗಾಳಿಯನ್ನೇ ತಿರುಗಿಸೋ ಗುಂಡಿ ಒಂದಿರುತ್ತಲ್ಲ, ಕಾರಿನ ಚಿತ್ರದೊಳಗೆ ಸುತ್ತಿದ ಬಾಣ? ಗಾಳೀನ ಮುಖದ ಕಡೆ ಇಟ್ಟು ಅದನ್ನ ಒತ್ತು.”

ಗಾಜಿನ ಕಡೆಗೆ ಇಟ್ಟರೆ ಅನೇಕ ಕಾರುಗಳಲ್ಲಿ ಆ ಗುಂಡಿ ಕೆಲಸ ಮಾಡುವುದಿಲ್ಲ. ಅದಕ್ಕೇ ಮುಖದ ಕಡೆ. ಮಗ ಒತ್ತಿದ. ಆ ಕ್ಷಣ ಎದೆಗೆ ಬಡಿದಂತೆ ಗಾಳಿ ನುಗ್ಗಿತು. ಮೇಲಿದ್ದ ಯಾವುದೋ ರಸೀತಿ ಹಾರಿ ಹಿಂದಿನ ಸೀಟಿಗೆ ಹೋಯಿತು.

“ಅಪ್ಪ, ಬಂತು!”

“ಒಳಗಿನ ಗಾಳಿಯೂ ಅದೇ ಫ್ಯಾನು, ಅದೇ ರೇಡಿಯೇಟರು ದಾಟಿಯೇ ಬರಬೇಕು ತಾನೇ? ಅವೆಲ್ಲ ಸರಿಯಾಗಿವೆ. ಡ್ಯಾಶ್‌ಬೋರ್ಡು ಬಿಚ್ಚಬೇಡ. ಹೊರಗಿನ ಬಾಯಿ ಕಟ್ಟಿದೆ, ಅದನ್ನ ನೋಡು.”

ಪಕ್ಕದಲ್ಲಿ ಕೂತಿದ್ದ ಸೊಸೆಗೆ ಒಂದು ಸಂದೇಹ. “ಮಾವ, ಹಾಗಾದರೆ ಆ ಗುಂಡಿ ಒತ್ತಿಯೇ ಓಡಿಸಬಹುದಲ್ಲ?” ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಬಹುಮಂದಿ ಮಾಡುವುದೂ ಅದನ್ನೇ. ಆದರೆ ಹಾಗೆ ಮಾಡಿದರೆ ಬಿಟ್ಟ ಉಸಿರೇ ಸುತ್ತಿ ಸುತ್ತಿ ಗಾಜಿನ ಮೇಲೆ ಕುಳಿತುಕೊಳ್ಳುತ್ತದೆ. ಬೆಚ್ಚಗಾಗುವುದು ಬೇಗ, ಕುರುಡಾಗುವುದು ಇನ್ನೂ ಬೇಗ. “ಬೇಡಮ್ಮ, ಅದು ಸ್ನಾನದ ಮನೆ ಬಾಗಿಲು ಹಾಕಿಕೊಂಡು ಬಟ್ಟೆ ಒಣಗಿಸಿದ ಹಾಗೆ” ಎಂದರು.

ಗಾಜಿನ ಬುಡದ ಪ್ಲಾಸ್ಟಿಕ್ ಜಾಲರಿಯನ್ನು ಬಿಚ್ಚಿದಾಗ ಕಂಡದ್ದು ಒಂದು ಪುಟ್ಟ ಕಾಡು. ಕಾರು ನಿಲ್ಲುತ್ತಿದ್ದುದು ಒಂದು ಮೇಪಲ್ ಮರದ ಕೆಳಗೆ. ಶರತ್ಕಾಲದಲ್ಲಿ ಆ ಮರದ ಕೆಂಪು ಎಲೆಗಳ ಕೆಳಗೆ ನಿಂತು ಗಂಡಹೆಂಡಿರು ಫೋಟೋ ತೆಗೆಸಿಕೊಂಡು ಮೈಸೂರಿಗೆ ಕಳುಹಿಸಿದ್ದರು. ಅತ್ತೆ ಅದನ್ನು ದೊಡ್ಡದು ಮಾಡಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ಆ ಎಲೆಗಳೇ ಜಾಲರಿಯಿಂದ ಇಳಿದು ಕೊಳೆತು, ಒಂದರ ಮೇಲೊಂದು ಹಪ್ಪಳದಂತೆ ಅಂಟಿಕೊಂಡಿದ್ದವು. ಅದರ ಕೆಳಗೆ ಇಲಿಯೊಂದು ಸೀಟಿನ ಹತ್ತಿಯನ್ನೂ ಕಾಗದದ ಚೂರುಗಳನ್ನೂ ತಂದು ಸೊಗಸಾದ ಗೂಡು ಕಟ್ಟಿತ್ತು. ಇಲಿಗೆ ಆ ಜಾಗ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಊರಿನಲ್ಲಿ ಬೆಚ್ಚಗಿನ ಮನೆಯ ಬಾಡಿಗೆ ಎಷ್ಟೆಂದು ಅದಕ್ಕೂ ತಿಳಿದಿರಬೇಕು.

ಮಗ ಬರಿಗೈಯಿಂದ ಎಳೆಯಹೊರಟಾಗ ಸೊಸೆ ತಡೆದಳು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಹುಡುಗಿ. ಆ ದೇಶದ ಕಾಡಿಲಿಗಳ ಹಿಕ್ಕೆಯಲ್ಲಿ ಹಂಟಾವೈರಸ್ ಎಂಬ ರೋಗಾಣು ಇರಬಹುದು. ಒಣಗಿದ್ದನ್ನು ಗುಡಿಸಿದರೆ ಧೂಳಿನ ಜೊತೆಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅವಳು ಅವನಿಗೆ ಕೈಗವಸು, ಮುಖಕ್ಕೆ ಮುಸುಕು ಕೊಟ್ಟು, ಬಿಳಿಚುವ ದ್ರಾವಣವನ್ನು ಚಿಮುಕಿಸಿ ಎಲ್ಲವನ್ನೂ ಒದ್ದೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ತೆಗೆಯಲು ಬಿಟ್ಟಳು. ಮುದುಕರಿಗೆ ಈ ಪಾಠ ಗ್ಯಾರೇಜಿನ ಬೆಂಚಿನಲ್ಲಿ ಸಿಕ್ಕಿರಲಿಲ್ಲ. ಸೊಸೆಯ ವಿಷಯದಲ್ಲಿ ಅವರಿಗಿದ್ದ ಗೌರವ ಅಂದಿನಿಂದ ಒಂದು ತೂಕ ಹೆಚ್ಚಾಯಿತು. ಸಂಜೆಯ ಹೊತ್ತಿಗೆ ಗಾಳಿ ಗಾಜಿಗೆ ಹೊಡೆದು, ದೋಸೆ ದೊಡ್ಡದಾಗುತ್ತ ದೊಡ್ಡದಾಗುತ್ತ ಗಾಜಿನ ನಾಲ್ಕು ಮೂಲೆಗಳನ್ನು ಮುಟ್ಟಿತು. ಖರ್ಚಾದದ್ದು ಒಂದು ಭಾನುವಾರ.

ಎಲ್ಲ ಹಳೆಯ ಕಾರುಗಳ ರೋಗವೂ ಇಷ್ಟು ಸುಲಭದಲ್ಲಿ ಸಿಕ್ಕುವುದಿಲ್ಲವೆಂಬುದು ನಿಜ. ಕೆಲವು ಕಾರುಗಳಲ್ಲಿ ಗಾಳಿ ಬರುವ ದಾರಿಯಲ್ಲಿ ಧೂಳು ಸೋಸುವ ಕಾಗದದ ಫಿಲ್ಟರ್ ಇರುತ್ತದೆ. ಹಾಗೊಂದು ಇದೆಯೆಂಬುದೇ ಒಡೆಯನಿಗೆ ತಿಳಿಯದೆ ಅದು ವರ್ಷಗಟ್ಟಲೆ ಕಂಬಳಿಯಂತಾಗಿರುತ್ತದೆ. ಇನ್ನು ಕೆಲವುಗಳಲ್ಲಿ ಒಳಗಿನ ಕದಗಳಿಗೆ ಅಂಟಿಸಿದ ಸ್ಪಂಜು ಪುಡಿಯಾಗಿ, ಫ್ಯಾನು ಹಾಕಿದಾಗಲೆಲ್ಲ ಕಪ್ಪು ಚೂರುಗಳು ಮುಖಕ್ಕೆ ಹಾರುತ್ತವೆ. ಅಂತಹ ಕದ ಮುಚ್ಚಿದರೂ ಮುಚ್ಚಿದಂತಲ್ಲ, ತೆರೆದರೂ ತೆರೆದಂತಲ್ಲ. ಅದಕ್ಕೆ ಡ್ಯಾಶ್‌ಬೋರ್ಡು ಬಿಚ್ಚದೆ ಗತ್ಯಂತರವಿಲ್ಲ.

ಅದೇ ಕಾರು ಫೆಬ್ರವರಿಯಲ್ಲಿ ಇನ್ನೊಂದು ಚೇಷ್ಟೆ ತೋರಿಸಿತು. ದಂಪತಿಗಳು ಸುಮಾರು 250 ಕಿಲೋಮೀಟರ್ ದೂರದ ದುಲೂತ್ ಪಟ್ಟಣಕ್ಕೆ, ಸುಪೀರಿಯರ್ ಸರೋವರ ಹೆಪ್ಪುಗಟ್ಟಿರುವುದನ್ನು ನೋಡಲು ಹೋಗಿದ್ದರು. ಅದು ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಊರು. ಬೀದಿಗಳು ನೆಟ್ಟಗೆ ಏರುತ್ತವೆ. ಏರು ಹತ್ತುವಾಗಲೆಲ್ಲ ಮುಖಕ್ಕೆ ಬರುತ್ತಿದ್ದ ಗಾಳಿ ತಾನಾಗಿ ಗಾಜಿಗೆ ತಿರುಗಿಬಿಡುತ್ತಿತ್ತು. ಇಳಿಯುವಾಗ ಪುನಃ ಮುಖಕ್ಕೆ. ಗಾಳಿಗೂ ಬೆಟ್ಟಕ್ಕೂ ಏನು ಸಂಬಂಧ?

ಸಂಬಂಧವಿದೆ, ಮತ್ತು ಅದು ಬಹಳ ಸೊಗಸಾದ ಸಂಬಂಧ. ಆ ಕಾಲದ ಅನೇಕ ಅಮೆರಿಕನ್ ಕಾರುಗಳಲ್ಲಿ ಗಾಳಿಯ ಕದಗಳನ್ನು ಎಳೆಯುವುದು ತಂತಿಯಲ್ಲ, ವಿದ್ಯುತ್ತೂ ಅಲ್ಲ, ಎಂಜಿನ್ನಿನ ಹೀರುವಿಕೆ. ಎಂಜಿನ್ ಗಾಳಿಯನ್ನು ಸೆಳೆಯುವಾಗ ಅದರ ಕೊಳವೆಯಲ್ಲಿ ಉಂಟಾಗುವ ನಿರ್ವಾತವನ್ನು ಸಣ್ಣ ನಳಿಗೆಗಳ ಮೂಲಕ ಡ್ಯಾಶ್‌ಬೋರ್ಡಿಗೆ ತಂದು, ಅದರಿಂದ ಕದಗಳನ್ನು ಎಳೆಸುತ್ತಾರೆ. ಏರು ಹತ್ತುವಾಗ ಚಾಲಕನು ಆಕ್ಸಿಲರೇಟರನ್ನು ಪೂರ್ತಿ ಒತ್ತುತ್ತಾನೆ. ಆಗ ಎಂಜಿನ್ನಿನ ಬಾಯಿ ಅಗಲವಾಗಿ ತೆರೆದು ಹೀರುವ ಬಲ ಕುಗ್ಗುತ್ತದೆ. ಅಂತಹ ಸಮಯಕ್ಕೆಂದು ಸ್ವಲ್ಪ ನಿರ್ವಾತವನ್ನು ಕೂಡಿಡುವ ಒಂದು ಡಬ್ಬಿಯೂ ಅದನ್ನು ಹಿಂದೆ ಹೋಗಗೊಡದ ಒಂದು ಪುಟ್ಟ ಕವಾಟವೂ ಇರುತ್ತವೆ. ಕವಾಟ ಕೆಟ್ಟರೆ, ನಳಿಗೆ ಬಿರುಕುಬಿಟ್ಟರೆ, ಕೂಡಿಟ್ಟದ್ದು ಸೋರಿಹೋಗುತ್ತದೆ. ಕದವನ್ನು ಎಳೆಯುವವರಿಲ್ಲದಾಗ ಅದರ ಹಿಂದಿನ ಸ್ಪ್ರಿಂಗ್ ಅದನ್ನು ನೂಕುತ್ತದೆ. ಯಾವ ಕಡೆಗೆ ನೂಕಬೇಕೆಂದು ಕಾರನ್ನು ರಚಿಸಿದವರು ಮೊದಲೇ ನಿರ್ಧರಿಸಿಟ್ಟಿದ್ದಾರೆ: ಗಾಜಿನ ಕಡೆಗೆ. ಕಾಲು ತಣ್ಣಗಾಗಲಿ, ಮುಖ ಮರಗಟ್ಟಲಿ, ದಾರಿ ಮಾತ್ರ ಕಾಣಲಿ ಎಂದು.

ಗ್ಯಾರೇಜಿನ ಹುಡುಗನಿಂದ ಇದನ್ನು ಕೇಳಿ ತಿಳಿದ ದಿನ ಮುದುಕರ ಸಂತೋಷ ಹೇಳತೀರದು. ಅದೇ ಹೊತ್ತಿನಲ್ಲಿ ಫೋನು ಮಾಡಿ ಮಗನನ್ನು ನಿದ್ರೆಯಿಂದ ಎಬ್ಬಿಸಿದರು.

“ಕೆಟ್ಟರೂ ಕಣ್ಣಿನ ಕಡೆಗೇ ಕೆಡುತ್ತಲ್ಲೋ ಅದು! ರೈಲಿನ ಸಿಗ್ನಲ್ ಕೈ ನೋಡಿಲ್ಲವೇ, ತಂತಿ ಕಡಿದರೆ ತಾನಾಗಿ ಅಡ್ಡ ಆಗಿ ಗಾಡಿ ನಿಲ್ಲಿಸುತ್ತೆ. ಹಾಗೇ ಇದು. ಎಂಥ ಪುಣ್ಯಾತ್ಮರೋ ಮಾಡಿದವರು.”

“ರಿಪೇರಿ ಮಾಡಿಸಬೇಕೋ ಬೇಡವೋ ಅಪ್ಪ?” ಎಂದು ಮಗ ಆಕಳಿಸುತ್ತ ಕೇಳಿದ.

ನಾಲ್ಕು ಅಂಗುಲ ರಬ್ಬರ್ ನಳಿಗೆಯ ಕೆಲಸ, ಕಿವಿಗೊಟ್ಟರೆ ಬಿರುಕಿನಿಂದ ಬುಸ್ಸೆನ್ನುವ ಸದ್ದೇ ಕೇಳುತ್ತದೆ, ಮಾಡಿಸು ಎಂದು ಅವರು ಹೇಳಬೇಕೆಂದಿದ್ದರು. ಅಷ್ಟರಲ್ಲಿ ಸೊಸೆ ಫೋನನ್ನು ಕಿತ್ತುಕೊಂಡಳು.

“ಮಾವ, ಈಗ ಎಲ್ಲಿ ಹೋದರೂ ಗಾಜು ಕನ್ನಡಿ ಹಾಗಿರುತ್ತೆ. ಇವರು ಗಾಳೀನ ಮುಖಕ್ಕೆ ತಿರುಗಿಸಿಕೊಂಡರೂ ಏರು ಬಂದ ಕೂಡಲೆ ಅದು ಗಾಜಿಗೇ ಹೋಗುತ್ತೆ. ಹಿಮ ಕರಗೋವರೆಗೂ ಅದು ಕೆಟ್ಟೇ ಇರಲಿ.”

ನಳಿಗೆಯನ್ನು ಬದಲಾಯಿಸಿದ್ದು ಮೇ ತಿಂಗಳಲ್ಲಿ.